ಹಿರೇಗುಡ್ಡದ ಕುಟ್ಟುಚಿತ್ರಗಳು

ಬಳ್ಳಾರಿ ನಗರದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರ್ ದೂರದಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ಲು ಊರುಗಳ ಬಳಿ, ಹಿರೇಗುಡ್ಡ ಎಂಬ ಬೆಟ್ಟವಿದೆ. ಇದರ ಬಂಡೆಗಳ ಮೇಲೆ ನವಶಿಲಾಯುಗದ ಜನ ಕಲ್ಲಿನಿಂದ ಕುಟ್ಟಿ ಮೂಡಿಸಿದ ಚಿತ್ರಗಳು ಇಂದಿಗೂ ಉಳಿದಿವೆ. ಬಳ್ಳಾರಿ ಸೀಮೆ ಮರುಭೂಮಿಯಲ್ಲ. ಆದರೂ ವರ್ಷಕ್ಕೆ ಸುಮಾರು 500 ಮಿಲಿಮೀಟರ್ ಮಳೆ ಕಾಣುವ ಈ ನೆಲ ಕರ್ನಾಟಕದ ಅತಿ ಒಣ ಭಾಗಗಳಲ್ಲಿ ಒಂದು. ಹಾವಸೆ ಹಿಡಿಯದ, ಬೇರು ಬಿಡದ ಬೋಳು ಬಂಡೆಗಳು ಇಲ್ಲಿ ಸಾವಿರಾರು ವರ್ಷಗಳ ಗೆರೆಗಳನ್ನು ಕಾಪಾಡಿಕೊಂಡಿವೆ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಿಗೆ ಬಂಡೆಯ ಮೇಲಿನ ಕೆತ್ತನೆ ಎಂದರೆ ಮೊದಲು ನೆನಪಾಗುವುದು ಶಾಲ್ಮಲಾ ಹೊಳೆಯ ಸಹಸ್ರಲಿಂಗ. ಅದು ಸೋದೆಯ ಅರಸು ಸದಾಶಿವರಾಯನ ಕಾಲದ್ದೆಂದು ಹೇಳುತ್ತಾರೆ. ಅಂದರೆ ಸುಮಾರು 300 ವರ್ಷ ಹಳೆಯದು. ಆ ಲಿಂಗ, ಬಸವಗಳನ್ನು ಕಡೆದವರು ಉಳಿ ಹಿಡಿದ ಶಿಲ್ಪಿಗಳು. ಅವುಗಳ ಅರ್ಥ ಇಂದಿನ ಭಕ್ತರಿಗೂ ತಿಳಿದಿದೆ. ಹಿರೇಗುಡ್ಡದ ಹಳೆಯ ಚಿತ್ರಗಳು ಕಬ್ಬಿಣ ಬರುವುದಕ್ಕೂ ಮುಂಚಿನವು. ಅವನ್ನು ಮಾಡಿದವರಿಗೆ ಲಿಪಿ ಇರಲಿಲ್ಲ, ಅವರ ಮಾತು ಯಾವುದೆಂದೂ ತಿಳಿಯದು. ಅವರ ಬದುಕನ್ನು ಅವರು ಬಿಟ್ಟುಹೋದ ಕಲ್ಲು, ಬೂದಿ, ಕಾಳುಗಳಿಂದಲೇ ಓದಬೇಕು.

ಕ್ರಿ.ಪೂ. 3000ದ ಸುಮಾರಿಗೆ ಈ ಸೀಮೆಯಲ್ಲಿ ದನಗಾಹಿ ಜನ ನೆಲೆಗೊಂಡಿದ್ದರು. ಅವರ ದೊಡ್ಡ ಕುರುಹು ಬೂದಿದಿಬ್ಬ. ಬಳ್ಳಾರಿ, ರಾಯಚೂರು ಭಾಗಗಳಲ್ಲಿ ಇಂಥ ದಿಬ್ಬಗಳು ಹಲವು ಇವೆ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದು ನಂಬುತ್ತಾರೆ. ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ತೆಲಂಗಾಣದ ಉಟ್ನೂರಿನಲ್ಲಿ ನಡೆಸಿದ ಉತ್ಖನನದಿಂದ ಈ ದಿಬ್ಬಗಳ ಮೂಲ ಸ್ಪಷ್ಟವಾಯಿತು: ದನದ ದೊಡ್ಡಿಗಳಲ್ಲಿ ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಆದ ಬೂದಿ ಅದು. ಈ ಜನ ಬೇಸಾಯವನ್ನೂ ಮಾಡುತ್ತಿದ್ದರು. ಸಂಗನಕಲ್ಲಿನ ಮಣ್ಣಿನಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಹುರಳಿ, ಹೆಸರು ಮತ್ತು ಕೊರಲೆಯಂಥ ಕಿರುಧಾನ್ಯ ಇವೆ. ಇವೆಲ್ಲ ಮಳೆ ಕಡಿಮೆಯಾದರೂ ಕೈಕೊಡದ ಬೆಳೆಗಳು.

ಹಿರೇಗುಡ್ಡಕ್ಕೆ ಮಹತ್ವ ತಂದುಕೊಟ್ಟದ್ದು ಅದರ ಕರಿಕಲ್ಲು. ಬೆಟ್ಟದ ಬಹುಭಾಗ ಗ್ರಾನೈಟ್. ಅದನ್ನು ಸೀಳಿಕೊಂಡು ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟಿಯೊಂದು ಹಾದುಹೋಗಿದೆ. ಹದವಾಗಿ ಸಿಡಿಯುವ, ಉಜ್ಜಿದರೆ ಹರಿತವಾಗುವ ಈ ಕಲ್ಲು ಕೊಡಲಿಗೆ ಹೇಳಿ ಮಾಡಿಸಿದ್ದು. ಇಲ್ಲಿ ಕಲ್ಲುಗೊಡಲಿಗಳ ದೊಡ್ಡ ಕಮ್ಮಟವೇ ನಡೆದಿತ್ತು. ಕೊಡಲಿಗೆ ಕಲ್ಲು ಒದಗಿಸಿದ ಅದೇ ಕರಿಬಂಡೆಗಳ ಮೇಲೆ ಚಿತ್ರಗಳೂ ಮೂಡಿದವು.

ಚಿತ್ರ ಬಿಡಿಸಿದ ಬಗೆ ಸರಳ. ಡಾಲರೈಟ್ ಬಂಡೆ ಗಾಳಿ ಬಿಸಿಲಿಗೆ ಒಡ್ಡಿಕೊಂಡು ಮೇಲ್ಮೈಯಲ್ಲಿ ಕಪ್ಪು ಪೊರೆ ಕಟ್ಟುತ್ತದೆ. ಗಟ್ಟಿಯಾದ ಇನ್ನೊಂದು ಕಲ್ಲಿನಿಂದ ಒಂದೇ ಸಮನೆ ಕುಟ್ಟಿದರೆ ಆ ಪೊರೆ ಎದ್ದು ಒಳಗಿನ ತಿಳಿಬಣ್ಣ ಕಾಣುತ್ತದೆ. ಕಾಲ ಕಳೆದಂತೆ ಕುಟ್ಟಿದ ಭಾಗಕ್ಕೂ ಪೊರೆ ಹಿಡಿಯುತ್ತದೆ. ಹಾಗಾಗಿ ಬಂಡೆಯೊಡನೆ ಬಣ್ಣ ಬೆರೆತ ಚಿತ್ರ ಹಳೆಯದು, ಬೆಳ್ಳಗೆ ಕಾಣುವುದು ಹೊಸದು. ನವಶಿಲಾಯುಗ ಮುಗಿದ ಮೇಲೂ ಇಲ್ಲಿ ಜನ ಚಿತ್ರ ಕುಟ್ಟುತ್ತಲೇ ಬಂದಿದ್ದಾರೆ ಎಂಬುದು ಈ ಬಣ್ಣಗಳ ಅಂತರದಿಂದ ಗೊತ್ತಾಗುತ್ತದೆ.

ಚಿತ್ರಗಳಲ್ಲಿ ದನಗಳದೇ ಮೇಲುಗೈ. ಉದ್ದ ಕೋಡಿನವು, ಹಿಣಿಲಿನವು, ಒಂಟಿಯಾಗಿ ನಿಂತವು, ಗುಂಪಾಗಿ ಸೇರಿದವು ಎಲ್ಲವೂ ಇವೆ. ಮನುಷ್ಯರೂ ಇದ್ದಾರೆ, ಸಾಲಾಗಿ ನಿಂತವರು, ಗಂಡಸುತನವನ್ನು ಎತ್ತಿ ತೋರಿಸಿದ ಆಕೃತಿಗಳು ಕಾಣುತ್ತವೆ. ಕೆಲವು ಚಿತ್ರಗಳು ಕೈಗೆಟುಕದ ಜಾಗದಲ್ಲಿವೆ. ಅವನ್ನು ಮಾಡಿದವರು ಮೇಲಿನ ಬಂಡೆಯಿಂದ ಜೋತುಬಿದ್ದೇ ಕುಟ್ಟಿರಬೇಕು. ಸಹಾರಾ ಮರುಭೂಮಿಯ ತಸ್ಸಿಲಿ ಬಂಡೆಗಳಲ್ಲಿಯೂ ದನಗಳ ಮಂದೆಗಳು ಚಿತ್ರಿತವಾಗಿವೆ. ಆ ನೆಲದಲ್ಲಿ ಹಿಂದೆ ಹುಲ್ಲು ಬೆಳೆಯುತ್ತಿತ್ತು ಎಂಬುದಕ್ಕೆ ಅವು ಸಾಕ್ಷಿ. ದನವೇ ಬದುಕಾಗಿದ್ದ ಜನ ಎರಡೂ ಕಡೆ ಬಂಡೆಯ ಮೇಲೆ ದನಗಳನ್ನು ಬಿಡಿಸಿದರು.

ಹಿರೇಗುಡ್ಡದಲ್ಲಿ ಚಿತ್ರದ ಜೊತೆಗೆ ನಾದವೂ ಇದೆ. ಕೆಲವು ಡಾಲರೈಟ್ ಬಂಡೆಗಳನ್ನು ಸಣ್ಣ ಕಲ್ಲಿನಿಂದ ಬಡಿದರೆ ಜಾಗಟೆಯಂತೆ ಝೇಂಕರಿಸುತ್ತವೆ. ಅವುಗಳ ಮೇಲೆ ಬಡಿದು ಬಡಿದು ಬಿದ್ದ ನುಣುಪು ಕುಳಿಗಳಿವೆ. ಗಂಗಾವತಿ ಬಳಿಯ ಹಿರೇಬೆಣಕಲ್ಲಿನಲ್ಲೂ, ಶಿಲಾಸಮಾಧಿಗಳ ನಡುವೆ, ಹೊಡೆದರೆ ದೂರಕ್ಕೆ ಕೇಳುವ ನಗಾರಿಗಲ್ಲು ಇದೆ. ಕಲ್ಲು ಕುಟ್ಟುವ ಕೆಲಸದಲ್ಲಿ ಚಿತ್ರವೂ ಸದ್ದೂ ಒಟ್ಟಿಗೇ ಹುಟ್ಟುತ್ತವೆ. ಹಾಗಾಗಿ ಇಲ್ಲಿ ಚಿತ್ರ ಬಿಡಿಸುವುದೇ ಒಂದು ಆಚರಣೆಯ ಭಾಗವಾಗಿದ್ದಿರಬಹುದು ಎಂದು ವಿದ್ವಾಂಸರು ಭಾವಿಸುತ್ತಾರೆ.

ಈ ಚಿತ್ರಗಳು ವಿದ್ವಾಂಸರ ಗಮನಕ್ಕೆ ಬಂದದ್ದು 19ನೆಯ ಶತಮಾನದಲ್ಲಿ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಸೀಮೆಯ ಶಿಲಾಯುಗದ ನೆಲೆಗಳನ್ನು ದಾಖಲಿಸಿದರು. 1892ರಲ್ಲಿ ಎಫ್. ಫಾಸೆಟ್ ಈ ಚಿತ್ರಗಳ ಬಗ್ಗೆ ಬರೆದರು. 1940ರ ದಶಕದಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು, 1951ರಲ್ಲಿ ಡಿ. ಎಚ್. ಗಾರ್ಡನ್ ಚಿತ್ರಗಳ ಕುರಿತು ಲೇಖನ ಪ್ರಕಟಿಸಿದರು. ಆಮೇಲೆ ಹಲವು ದಶಕ ಅವು ಹೆಚ್ಚು ಚರ್ಚೆಗೆ ಬರಲಿಲ್ಲ. ಧಾರವಾಡದ ರವಿ ಕೋರಿಶೆಟ್ಟರ್ ಮತ್ತು ಅವರೊಡನೆ ದುಡಿದ ನಿಕೋಲ್ ಬೊಯ್ವಿನ್, ಡೋರಿಯನ್ ಫುಲ್ಲರ್ ಮೊದಲಾದವರ ಅಧ್ಯಯನ ಈ ನೆಲೆಯನ್ನು ಮತ್ತೆ ಬೆಳಕಿಗೆ ತಂದಿತು. ಚಿತ್ರ ಮತ್ತು ನಾದದ ನಂಟನ್ನು ಬೊಯ್ವಿನ್ 2004ರಲ್ಲಿ ವಿವರಿಸಿದರು. ಬಳ್ಳಾರಿಯಲ್ಲಿ ಬ್ರೂಸ್ ಫೂಟ್ ಹೆಸರಿನ ಪುರಾತತ್ವ ವಸ್ತುಸಂಗ್ರಹಾಲಯವೂ ತೆರೆಯಿತು.

ಬೆಟ್ಟ ನೋಡಲು ಒಂದು ದಿನ ಸಾಕು. ನೆತ್ತಿಯ ಬಿಸಿಲಿನಲ್ಲಿ ಗೆರೆಗಳು ಮರೆಯಾಗುತ್ತವೆ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬೆಳಕಿನಲ್ಲಿ ಅವು ಎದ್ದು ಕಾಣುತ್ತವೆ. ಸ್ಪಷ್ಟವಾಗಿ ಕಾಣಲೆಂದು ಚಿತ್ರದ ಮೇಲೆ ಸೀಮೆಸುಣ್ಣ ಬಳಿಯುವುದು, ಹೆಸರು ಗೀಚುವುದು, ಹಳೆಯ ಕುಳಿಗಳ ಮೇಲೆ ಬಡಿದು ನೋಡುವುದು ಎಲ್ಲವೂ ಹಾನಿಯೇ.

ಇದಕ್ಕಿಂತ ದೊಡ್ಡ ಹಾನಿ ಕಲ್ಲುಗಣಿಯಿಂದ ಆಗಿದೆ. ಬಳ್ಳಾರಿಯ ಗ್ರಾನೈಟಿಗೆ ಬೇಡಿಕೆ ಹೆಚ್ಚಿದಂತೆ ಈ ಗುಡ್ಡಗಳ ಬಂಡೆಗಳೂ ಸಿಡಿದವು. ಅವುಗಳ ಜೊತೆ ಪ್ರಾಚೀನ ನೆಲೆಯ ಭಾಗಗಳೂ ಹೋದವು. ಚಿತ್ರವಿರುವ ಒಂದು ಬಂಡೆಯನ್ನು ಎತ್ತಿ ಸಂಗ್ರಹಾಲಯದಲ್ಲಿ ಇಟ್ಟರೆ ಗೆರೆಗಳು ಉಳಿಯಬಹುದು. ಆದರೆ ಕೊಡಲಿ ಕಮ್ಮಟ, ಬೂದಿದಿಬ್ಬ, ದನಗಳ ಸಾಲು, ಝೇಂಕರಿಸುವ ಕಲ್ಲು ಇವು ಒಂದಕ್ಕೊಂದು ಅರ್ಥ ಕೊಡುವುದು ಅದೇ ಗುಡ್ಡದಲ್ಲಿ, ಇದ್ದ ಜಾಗದಲ್ಲಿ ಇದ್ದಾಗ ಮಾತ್ರ. ಆದ್ದರಿಂದ ಕಾಪಾಡಬೇಕಾದುದು ಚಿತ್ರಗಳನ್ನಷ್ಟೇ ಅಲ್ಲ, ಇಡೀ ಹಿರೇಗುಡ್ಡವನ್ನು.