ಶರೀರವನ್ನು ಓದಿದವರು

ಆಕಾಶದ ನಕ್ಷತ್ರಗಳ ಪರಿಚಯ ಮನುಷ್ಯನಿಗೆ ಮೊದಲು ಆಯಿತು. ತನ್ನ ಎದೆಯೊಳಗಿನ ಗುಂಡಿಗೆಯ ಪರಿಚಯ ಬಹಳ ತಡವಾಗಿ ಆಯಿತು. ಗ್ರಹಣವು ಯಾವ ದಿನ, ಯಾವ ಗಳಿಗೆಯಲ್ಲಿ ಹಿಡಿಯುವುದೆಂದು ಲೆಕ್ಕ ಹಾಕಿ ಹೇಳಬಲ್ಲ ಪಂಡಿತರಿದ್ದ ಕಾಲದಲ್ಲಿಯೂ, ಹಗಲಿರುಳು ಮಿಡಿಯುವ ಆ ಮಾಂಸದ ಮುದ್ದೆ ಮಾಡುವ ಕೆಲಸವೇನೆಂಬುದು ಸರಿಯಾಗಿ ತಿಳಿದಿರಲಿಲ್ಲ. ಇದಕ್ಕೆ ಕಾರಣ ಸ್ಪಷ್ಟವಾಗಿದೆ. ದೂರದ ನಕ್ಷತ್ರವನ್ನು ನೋಡಲು ತಲೆಯೆತ್ತಿದರೆ ಸಾಕು. ನಮ್ಮೊಳಗಿರುವುದನ್ನು ನೋಡಬೇಕಾದರೆ ಸತ್ತವನೊಬ್ಬನ ದೇಹವನ್ನು ತೆರೆಯಬೇಕು. ತೆರೆಯುವ ಕೈಗೆ ಮೈಲಿಗೆಯ ಅಂಜಿಕೆ, ಪಾಪದ ಅಂಜಿಕೆ, ಸತ್ತವನ ಬಂಧುಗಳ ಅಂಜಿಕೆ. ಕೆಲವು ದೇಶಗಳಲ್ಲಿ ಅರಸನ ಅಂಜಿಕೆಯೂ ಇತ್ತು. ಈ ಅಂಜಿಕೆಗಳನ್ನು ದಾಟಿ ದೇಹವನ್ನು ಓದಿದ ಕೆಲವರ ವಿಷಯವನ್ನು ನಮ್ಮ ಉಪಾಧ್ಯಾಯ ಮಿತ್ರರ ಮತ್ತು ವಿದ್ಯಾರ್ಥಿಗಳ ಮುಂದೆ ಇಡಬೇಕೆಂದಿದ್ದೇವೆ.

ಮೊದಲು ನೆನೆಯತಕ್ಕವನು ಸುಶ್ರುತ. ಅವನ ಸಂಹಿತೆಯ ಶಾರೀರಸ್ಥಾನದ ಐದನೆಯ ಅಧ್ಯಾಯದಲ್ಲಿ ಶವವನ್ನು ಪರೀಕ್ಷಿಸುವ ಕ್ರಮವನ್ನು ಹೇಳಿದೆ. ಎಲ್ಲ ಅಂಗಗಳೂ ಇರುವ, ವಿಷದಿಂದ ಸಾಯದ, ದೀರ್ಘರೋಗದಿಂದ ನವೆಯದ, ನೂರು ವರ್ಷ ತುಂಬದ ಮನುಷ್ಯನ ದೇಹವನ್ನು ಆರಿಸಿಕೊಳ್ಳಬೇಕು. ಕರುಳಿನ ಮಲವನ್ನು ತೆಗೆದು, ದೇಹಕ್ಕೆ ಹುಲ್ಲು ನಾರುಗಳನ್ನು ಸುತ್ತಿ, ಪಂಜರದಲ್ಲಿಟ್ಟು, ಸೆಳೆತವಿಲ್ಲದ ಹೊಳೆಯಲ್ಲಿ ಜನರ ಕಣ್ಣಿಗೆ ಬೀಳದ ಎಡೆಯಲ್ಲಿ ನೆನೆಯಿಡಬೇಕು. ಏಳು ರಾತ್ರಿಗಳು ಕಳೆದ ಮೇಲೆ ಹೊರತೆಗೆದು, ಲಾವಂಚದ ಬೇರು, ಕೂದಲು, ಬಿದಿರು ಮೊದಲಾದವುಗಳ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ, ಚರ್ಮದಿಂದ ಆರಂಭಿಸಿ ಒಂದೊಂದು ಪದರವನ್ನೂ ಕಣ್ಣಾರೆ ಕಾಣಬೇಕು. ಶಾಸ್ತ್ರದಲ್ಲಿ ಓದಿದ್ದು, ಕಣ್ಣಿನಿಂದ ಕಂಡದ್ದು, ಈ ಎರಡೂ ಕೂಡಿದರೆ ಮಾತ್ರ ಜ್ಞಾನ ಬೆಳೆಯುವುದೆಂಬುದು ಅವನ ಮತ. ಎರಡು ಸಾವಿರ ವರ್ಷಗಳಷ್ಟು ಹಳೆಯದಾದ ಈ ಮಾತು ಇಂದಿನ ಯಾವ ಪ್ರಯೋಗಶಾಲೆಯ ಬಾಗಿಲ ಮೇಲಾದರೂ ಬರೆಯಲು ಯೋಗ್ಯವಾಗಿದೆ.

ಸುಶ್ರುತನು ಎಣಿಸಿದ ಮೂಳೆಗಳು ೩೦೦. ವೇದವಾದಿಗಳು ೩೬೦ ಎನ್ನುವರೆಂದೂ ಶಲ್ಯತಂತ್ರದಲ್ಲಿ ಮುನ್ನೂರೇ ಎಂದೂ ಅವನೇ ಹೇಳುತ್ತಾನೆ. ಬೆಳೆದ ಮನುಷ್ಯನಲ್ಲಿ ೨೦೬ ಮೂಳೆಗಳೆಂದು ನಮ್ಮ ಮಕ್ಕಳು ಇಂದು ಪಾಠ ಒಪ್ಪಿಸುತ್ತಾರೆ. ಹಾಗಾದರೆ ಸುಶ್ರುತನು ಲೆಕ್ಕ ತಪ್ಪಿದನೇ? ಅವಸರದಿಂದ ತೀರ್ಪು ಕೊಡಬಾರದು. ಅವನು ಮೂಳೆಗಳನ್ನು ಐದು ಬಗೆಯಾಗಿ ವಿಂಗಡಿಸಿದ್ದಾನೆ: ಕಪಾಲ, ರುಚಕ, ತರುಣ, ವಲಯ, ನಲಕ. ಇವುಗಳಲ್ಲಿ ರುಚಕವೆಂದರೆ ಹಲ್ಲು. ತರುಣವೆಂದರೆ ಮೂಗು ಕಿವಿಗಳಲ್ಲಿರುವ ಮೃದುವಾದ ಎಲುಬು, ಅಂದರೆ ಇಂದು ನಾವು ಮೃದ್ವಸ್ಥಿ ಎನ್ನುವುದು. ೩೨ ಹಲ್ಲುಗಳನ್ನೂ ಮೃದ್ವಸ್ಥಿಗಳನ್ನೂ ಸೇರಿಸಿ ಎಣಿಸಿದವನ ಮೊತ್ತ, ಅವುಗಳನ್ನು ಬಿಟ್ಟು ಎಣಿಸಿದವನ ಮೊತ್ತಕ್ಕೆ ಸಮನಾಗಲಾರದು. ಚರಕನ ೩೬೦ರಲ್ಲಿಯಂತೂ ಇಪ್ಪತ್ತು ಉಗುರುಗಳೂ ಸೇರಿವೆ. ಹಾಗೆಂದು ನಮ್ಮ ಹಿಂದಿನವರಿಗೆ ಎಲ್ಲವೂ ತಿಳಿದಿತ್ತೆಂದು ಬೀಗುವುದೂ ಸರಿಯಲ್ಲ. ಏಳು ರಾತ್ರಿ ನೀರಿನಲ್ಲಿ ನೆನೆದ ದೇಹದಲ್ಲಿ ಮೂಳೆ ಕಟ್ಟುಗಳು ಚೆನ್ನಾಗಿ ಉಳಿಯುವುವು. ಮೆದುಳಿನಂಥ ಮೃದುವಾದ ಅಂಗ ತನ್ನ ಆಕಾರವನ್ನು ಉಳಿಸಿಕೊಳ್ಳದು. ಸುಶ್ರುತನ ಶಕ್ತಿಯೂ ಮಿತಿಯೂ ಆ ಹೊಳೆಯಲ್ಲಿಯೇ ಇವೆ.

ಅವನ ತರುವಾಯ ಕಣ್ಣಾರೆ ಕಾಣುವ ಆ ಪದ್ಧತಿ ಕ್ಷೀಣಿಸಿತು. ಗ್ರಂಥ ಉಳಿಯಿತು, ಕುಂಚ ಬಿದ್ದುಹೋಯಿತು. ಕನ್ನಡದಲ್ಲಿ ವೈದ್ಯಗ್ರಂಥಗಳಿಗೆ ಕೊರತೆಯಿರಲಿಲ್ಲ. ೧೨ನೆಯ ಶತಮಾನದಲ್ಲಿ ಕೀರ್ತಿವರ್ಮನು ಗೋವೈದ್ಯವನ್ನೂ ಜಗದ್ದಳ ಸೋಮನಾಥನು ಕಲ್ಯಾಣಕಾರಕವನ್ನೂ ಬರೆದರು. ೧೪ನೆಯ ಶತಮಾನದಲ್ಲಿ ಮಂಗರಾಜನು ಖಗೇಂದ್ರಮಣಿದರ್ಪಣದಲ್ಲಿ ವಿಷಚಿಕಿತ್ಸೆಯನ್ನು ವಿವರಿಸಿದನು. ಆದರೆ ಇವರ ಗಮನವೆಲ್ಲ ಮದ್ದಿನ ಕಡೆಗೆ. ರೋಗಿಯ ನಾಡಿಯನ್ನು ಹಿಡಿದು ಒಳಗಿನ ಸ್ಥಿತಿಯನ್ನು ಊಹಿಸುವುದರಲ್ಲಿ ನಮ್ಮ ವೈದ್ಯರು ನಿಪುಣರಾದರು. ತೆರೆದು ನೋಡುವ ಗೊಡವೆಗೆ ಹೋಗಲಿಲ್ಲ.

ಯೂರೋಪಿನಲ್ಲಿಯೂ ಬಹುಕಾಲ ಇದೇ ಅವಸ್ಥೆ. ರೋಮಿನಲ್ಲಿದ್ದ ಗ್ರೀಕ್ ವೈದ್ಯ ಗೇಲನ್ ಕೋತಿ, ಹಂದಿಗಳನ್ನು ಕೊಯ್ದು ಕಂಡದ್ದನ್ನು ಮನುಷ್ಯನಿಗೂ ಆರೋಪಿಸಿ ಬರೆದನು. ಹದಿಮೂರು ಶತಮಾನಗಳ ಕಾಲ ಅದೇ ವೇದವಾಕ್ಯ. ವಿದ್ಯಾಪೀಠಗಳಲ್ಲಿ ಶವಪರೀಕ್ಷೆ ನಡೆದಾಗಲೂ ಆಚಾರ್ಯರು ಎತ್ತರದ ಪೀಠದ ಮೇಲೆ ಕುಳಿತು ಗೇಲನನ ಗ್ರಂಥವನ್ನು ಓದುವರು. ಕೆಳಗೆ ಕ್ಷೌರಿಕನೊಬ್ಬ ಕೊಯ್ಯುವನು. ಕೊಯ್ಯುವವನಿಗೆ ಲ್ಯಾಟಿನ್ ಬಾರದು, ಓದುವವನು ಕೆಳಗೆ ನೋಡನು. ಈ ಪೀಠದಿಂದ ಇಳಿದು ಬಂದು ತಾನೇ ಚೂರಿ ಹಿಡಿದವನು ಬ್ರಸೆಲ್ಸಿನಲ್ಲಿ ೧೫೧೪ರಲ್ಲಿ ಹುಟ್ಟಿದ ಆಂಡ್ರಿಯಾಸ್ ವೆಸಾಲಿಯಸ್. ಇಟಲಿಯ ಪಾದುವಾದಲ್ಲಿ ಅಧ್ಯಾಪಕನಾಗಿದ್ದ ಇವನು, ಗೇಲನ್ ಎರಡು ಎಲುಬೆಂದ ಮನುಷ್ಯನ ಕೆಳದವಡೆ ಒಂದೇ ಎಲುಬೆಂದು ತೋರಿಸಿದನು. ೧೫೪೩ರಲ್ಲಿ, ತನ್ನ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ, ಮಾನವದೇಹದ ರಚನೆಯನ್ನು ಕುರಿತ ಸಚಿತ್ರ ಮಹಾಗ್ರಂಥವನ್ನು ಅಚ್ಚುಹಾಕಿಸಿದನು. ಕೋಪರ್ನಿಕಸನ ಗ್ರಂಥ ಪ್ರಕಟವಾದುದೂ ಅದೇ ವರ್ಷದಲ್ಲಿ. ವೆಸಾಲಿಯಸನ ಗುರು ಸಿಲ್ವಿಯಸನಿಗೆ ಶಿಷ್ಯನ ಮೇಲೆ ಕೋಪ ಉಕ್ಕಿತು. ಗೇಲನ್ ತಪ್ಪಿಲ್ಲ, ಅವನ ಕಾಲದಿಂದೀಚೆಗೆ ಮನುಷ್ಯನ ದೇಹವೇ ಮಾರ್ಪಟ್ಟಿರಬೇಕೆಂದು ಆತ ವಾದಿಸಿದನು! ಗ್ರಂಥವನ್ನು ಉಳಿಸಲು ದೇಹವನ್ನೇ ತಿದ್ದಲು ಹೊರಟ ಇಂಥ ಗುರುಗಳು ಯಾವ ದೇಶದಲ್ಲಿ ಇಲ್ಲ!

ಪಾದುವಾದಲ್ಲಿಯೇ ಓದಿದ ಇಂಗ್ಲೆಂಡಿನ ವಿಲಿಯಂ ಹಾರ್ವೆಯ ಕೆಲಸವನ್ನು ಉಪಾಧ್ಯಾಯರು ತರಗತಿಯಲ್ಲಿ ಲೆಕ್ಕವಾಗಿಯೇ ಕಲಿಸಬಹುದು. ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ಹುಟ್ಟುತ್ತದೆ, ಅಂಗಾಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗುತ್ತದೆ, ಎಂದು ಅಲ್ಲಿಯ ತನಕ ನಂಬಿಕೆ. ಹಾರ್ವೆ ಕೇಳಿದ ಪ್ರಶ್ನೆ ಸರಳವಾದದ್ದು: ಒಂದು ಮಿಡಿತಕ್ಕೆ ಎಷ್ಟು ರಕ್ತ ಹೊರಬೀಳುತ್ತದೆ? ಇಂದಿನ ಅಳತೆಯಲ್ಲಿ ಹೇಳುವುದಾದರೆ ಸುಮಾರು ೭೦ ಮಿಲಿಲೀಟರು. ನಿಮಿಷಕ್ಕೆ ೭೨ ಮಿಡಿತವೆಂದರೆ ಐದು ಲೀಟರು. ಗಂಟೆಗೆ ಮುನ್ನೂರು ಲೀಟರು. ಮನುಷ್ಯನ ಮೈಯಲ್ಲಿರುವ ರಕ್ತವೆಲ್ಲ ಸೇರಿ ಐದು ಲೀಟರಿನಷ್ಟು. ಗಂಟೆಗೆ ಮುನ್ನೂರು ಲೀಟರು ರಕ್ತವನ್ನು ಹುಟ್ಟಿಸುವಷ್ಟು ಅನ್ನವನ್ನು ಯಾವ ಭೀಮಸೇನನು ಉಂಡಾನು? ಆದುದರಿಂದ ಅದೇ ರಕ್ತ ಸುತ್ತಿ ಸುತ್ತಿ ಹಿಂದಿರುಗಬೇಕು. ೧೬೨೮ರಲ್ಲಿ ಈ ಸಿದ್ಧಾಂತ ಹೊರಬಂದಿತು. ಅವನ ಸರಪಣಿಯಲ್ಲಿ ಒಂದು ಕೊಂಡಿ ಮಾತ್ರ ಕಾಣೆಯಾಗಿತ್ತು: ಧಮನಿಯಿಂದ ಸಿರೆಗೆ ರಕ್ತ ದಾಟುವುದು ಹೇಗೆ? ೧೬೬೧ರಲ್ಲಿ ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶವನ್ನು ನೋಡಿ, ಕೂದಲಿಗಿಂತ ಸಣ್ಣವಾದ ಲೋಮನಾಳಗಳನ್ನು ಕಂಡನು. ಹಾರ್ವೆ ತೀರಿಕೊಂಡು ಆಗ ನಾಲ್ಕು ವರ್ಷವಾಗಿತ್ತು.

ಈ ಹಾರ್ವೆ ತನ್ನ ತಂದೆಯ ದೇಹವನ್ನೂ ಸಹೋದರಿಯ ದೇಹವನ್ನೂ ತಾನೇ ಕೊಯ್ದು ಪರೀಕ್ಷಿಸಿದನು. ಇದನ್ನು ಓದಿದಾಗ ನಮ್ಮ ಕರುಳು ಚುರಕ್ಕೆನ್ನುವುದು ಸಹಜ. ಆದರೆ ಅಂದಿನ ಉಳಿದ ಶವಗಳು ಬರುತ್ತಿದ್ದುದು ಎಲ್ಲಿಂದ ಎಂಬುದನ್ನೂ ಯೋಚಿಸಬೇಕು. ನೇಣಿಗೇರಿದ ಅಪರಾಧಿಗಳಿಂದ, ಅವರು ಸಾಲದಾದಾಗ ಗೋರಿಯಿಂದ ಕದ್ದು ತಂದವುಗಳಿಂದ. ೧೮೨೮ರಲ್ಲಿ ಎಡಿನ್‌ಬರೋ ನಗರದಲ್ಲಿ ಬರ್ಕ್, ಹೇರ್ ಎಂಬ ಇಬ್ಬರು ಹದಿನಾರು ಜನರನ್ನು ಕೊಂದು, ಆ ಶವಗಳನ್ನು ಅಂಗರಚನೆಯನ್ನು ಕಲಿಸುವ ವೈದ್ಯನಿಗೆ ಮಾರಿದ ಸಂಗತಿ ಹೊರಬಿದ್ದಿತು. ೧೮೩೨ರಲ್ಲಿ ಇಂಗ್ಲೆಂಡಿನಲ್ಲಿ ಕಾಯಿದೆಯಾಯಿತು. ಕಳ್ಳತನ ನಿಂತಿತು, ನಿಜ. ಆದರೆ ವಾರಸುದಾರರಿಲ್ಲದ ಬಡವರ ದೇಹಗಳು ವೈದ್ಯಶಾಲೆಗೆ ಸಲ್ಲತೊಡಗಿದವು. ನಮ್ಮ ಪಠ್ಯಪುಸ್ತಕದ ಚಿತ್ರಗಳಲ್ಲಿ ಕಾಣುವ ಆ ಅಂದವಾದ ಎಲುಬು ಮಾಂಸಗಳು ಒಮ್ಮೆ ಯಾರವೋ ಆಗಿದ್ದವು. ಕಂಡುಹಿಡಿದವರ ಹೆಸರು ಅಂಗಗಳಿಗೆ ಅಂಟಿಕೊಂಡಿತು. ದೇಹ ಕೊಟ್ಟವರ ಹೆಸರು ಎಲ್ಲಿಯೂ ಇಲ್ಲ. ಕೊಟ್ಟವರೆಂಬ ಮಾತೂ ಸಲ್ಲದು, ಅವರನ್ನು ಯಾರೂ ಕೇಳಿರಲಿಲ್ಲ.

ಭವಾನಿಯ ದಂಡೆಯ ನಮ್ಮ ಸಿರುಮುಗೈಯ ನೇಕಾರ ಮಕ್ಕಳಿಗೆ ವಿಶೇಷವಾಗಿ ರುಚಿಸಬಹುದಾದ ಒಂದು ಸಂಗತಿಯಿದೆ. ಫ್ರಾನ್ಸಿನ ಬಿಷಾ ಎಂಬ ತರುಣ ವೈದ್ಯನು ದೇಹದ ಅಂಗಗಳೆಲ್ಲ ಕೆಲವೇ ಬಗೆಯ ನೆಯ್ಗೆಗಳಿಂದ ಆಗಿವೆಯೆಂದು ಹೇಳಿ, ಅಂಥ ಇಪ್ಪತ್ತೊಂದು ಬಗೆಗಳನ್ನು ಎಣಿಸಿದನು. ಅವನು ಸೂಕ್ಷ್ಮದರ್ಶಕವನ್ನು ನಂಬಲಿಲ್ಲ. ದೇಹದ ತುಣುಕುಗಳನ್ನು ಕುದಿಸಿ, ಒಣಗಿಸಿ, ಆಮ್ಲದಲ್ಲಿ ಅದ್ದಿ, ಕೊಳೆಯಿಸಿ, ಯಾವುದು ಹೇಗೆ ವರ್ತಿಸುವುದೆಂದು ನೋಡಿ ಭೇದಗಳನ್ನು ನಿರ್ಣಯಿಸಿದನು. ನೂಲಿನ ಎಳೆಯನ್ನು ದೀಪಕ್ಕೆ ಹಿಡಿದು, ಸುಟ್ಟ ಕೂದಲಿನ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಎಂದು ನಮ್ಮ ಹಿರಿಯರು ಹೇಳುವುದಿಲ್ಲವೇ? ಅದೇ ಬುದ್ಧಿ. ೧೮೦೨ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿಯೇ, ಅವನು ತೀರಿಕೊಂಡನು. ಫ್ರೆಂಚರು ಇಂಥ ರಚನೆಗೆ ಇಟ್ಟ ಹೆಸರಿಗೆ 'ನೆಯ್ದದ್ದು' ಎಂದೇ ಅರ್ಥ; ಈ ಶಾಸ್ತ್ರಕ್ಕೆ ಬಂದ ಹಿಸ್ಟಾಲಜಿ ಎಂಬ ಹೆಸರಿನ ಮೂಲದಲ್ಲಿಯೂ ಮಗ್ಗಕ್ಕೆ ಸಲ್ಲುವ ಗ್ರೀಕ್ ಪದವಿದೆ. ಕನ್ನಡದಲ್ಲಿ ನಾವು ಅಂಗಾಂಶವೆಂದು ಕರೆದು ಮಗ್ಗವನ್ನು ಕಳೆದುಕೊಂಡಿದ್ದೇವೆ. ಹಾಸುಹೊಕ್ಕು ಎಂಬ ಮಾತು ಮನೆಮನೆಯಲ್ಲಿಯೂ ಇರುವ ನಮ್ಮಲ್ಲಿ ಇದು ಸಣ್ಣ ನಷ್ಟವಲ್ಲ.

ಪದಗಳ ವಿಚಾರ ಬಂದುದರಿಂದ ಉಪಾಧ್ಯಾಯರಿಗೆ ಇನ್ನೊಂದು ತೊಡಕನ್ನು ನೆನಪಿಸುತ್ತೇವೆ. ಸುಶ್ರುತನಲ್ಲಿ ಪೇಶಿಯೆಂದರೆ ಮಾಂಸಖಂಡ, ಸ್ನಾಯುವೆಂದರೆ ಕೀಲುಗಳನ್ನು ಬಿಗಿಯುವ ಕಟ್ಟು. ಇಂದಿನ ಕನ್ನಡ ಪುಸ್ತಕಗಳಲ್ಲಿ ಸ್ನಾಯುವೇ ಮಾಂಸಖಂಡವಾಗಿದೆ. ಬಂಗಾಳಿಗಳಲ್ಲಿ ಅದೇ ಪದ ಮೆದುಳಿನಿಂದ ಹೊರಡುವ ತಂತುವನ್ನು ಸೂಚಿಸುತ್ತದೆ. ನಮ್ಮ 'ನರ'ವಂತೂ ಎಲ್ಲಕ್ಕೂ ಸಲ್ಲುವ ಮಾತು. ಕೈಯ ಮೇಲೆ ನೀಲಿಯಾಗಿ ಉಬ್ಬಿದ್ದೂ ನರ, ಉಳುಕಿದಾಗ ಎಳೆದುಕೊಂಡದ್ದೂ ನರ, ಪಠ್ಯದಲ್ಲಿ ಸಂವೇದನೆಯನ್ನು ಒಯ್ಯುವುದೂ ನರ. ನೆರೆಯ ತಮಿಳಿನ ನರಂಬಿನ ಪಾಡೂ ಇದಕ್ಕಿಂತ ಬೇರೆಯಲ್ಲ. ಇದು ಜನರ ಅಜ್ಞಾನವೆಂದು ತಿಳಿಯಬೇಕಾಗಿಲ್ಲ. ಹೊರಗಿನಿಂದ ಮುಟ್ಟಿ ನೋಡುವವನಿಗೆ ಇವೆಲ್ಲ ದಾರದಂತೆಯೇ ತೋರುತ್ತವೆ. ಒಳಗನ್ನು ಕಂಡವನಿಗೆ ಮಾತ್ರ ಮೂರು ಹೆಸರುಗಳು ಬೇಕಾಗುತ್ತವೆ.

ನಮ್ಮ ದೇಶದಲ್ಲಿ ಚೂರಿ ಮತ್ತೆ ಎತ್ತಲ್ಪಟ್ಟುದು ೧೮೩೬ರಲ್ಲಿ, ಕಲಕತ್ತೆಯಲ್ಲಿ. ಎತ್ತಿದವರು ಪಂಡಿತ ಮಧುಸೂದನ ಗುಪ್ತರು. ಇವರು ವೈದ್ಯಕುಲದವರು, ಸಂಸ್ಕೃತ ಕಾಲೇಜಿನಲ್ಲಿ ಆಯುರ್ವೇದವನ್ನು ಕಲಿಸಿದವರು. ಸುಶ್ರುತ ಸಂಹಿತೆಯನ್ನು ಅಚ್ಚಿಗೆ ಸಿದ್ಧಪಡಿಸಿದವರೂ ಇವರೇ. ಒಂದು ಕೈಯಲ್ಲಿ ಗ್ರಂಥ, ಇನ್ನೊಂದರಲ್ಲಿ ಚೂರಿ. ಆ ದಿನ ಕೋಟೆಯಿಂದ ತೋಪು ಹಾರಿಸಿದರೆಂಬ ಮಾತೂ ಪ್ರಚಾರದಲ್ಲಿದೆ. ಮದರಾಸಿನ ವೈದ್ಯಶಾಲೆ ೧೮೩೫ರಲ್ಲಿಯೇ ಆರಂಭವಾಗಿತ್ತು. ಕನ್ನಡ ನಾಡಿನ ಮೈಸೂರು ಮೆಡಿಕಲ್ ಕಾಲೇಜು ೧೯೨೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ ೧೯೩೦ರಲ್ಲಿ ಮೈಸೂರಿಗೆ ಸ್ಥಳಾಂತರವಾಯಿತು. ವೈದ್ಯ ವಿದ್ಯಾರ್ಥಿಗಳ ಕೈಯಲ್ಲಿ ಇಂದಿಗೂ ಇರುವ 'ಗ್ರೇಸ್ ಅನಾಟಮಿ' ೧೮೫೮ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಬರೆದ ಹೆನ್ರಿ ಗ್ರೇಯ ಹೆಸರು ಜಗತ್ತಿಗೆಲ್ಲ ಗೊತ್ತು. ಚಿತ್ರಗಳನ್ನೆಲ್ಲ ರಚಿಸಿದ ಹೆನ್ರಿ ವಾಂಡೈಕ್ ಕಾರ್ಟರನನ್ನು ನೆನೆಯುವವರು ವಿರಳ. ಆ ವರ್ಷವೇ ಅವನು ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅಂಗರಚನೆಯನ್ನು ಕಲಿಸಿದನು. ಬರಿಗಾಲಿನ ರೈತರನ್ನು ಕಾಡುವ, ಮಧುರೆಯ ಹೆಸರಿನಿಂದಲೇ ಪ್ರಸಿದ್ಧವಾದ ಪಾದರೋಗಕ್ಕೆ ಬೂಷ್ಟಿನ ಜಾತಿಯ ಜೀವಿ ಕಾರಣವೆಂದು ತೋರಿಸಿದನು. ಗ್ರೇ ೧೮೬೧ರಲ್ಲಿ ಸಿಡುಬಿನಿಂದ ತೀರಿಕೊಂಡನು.

ಇನ್ನು ನಮ್ಮ ಕನ್ನಡ ನಾಡಿನದೇ ಆದ, ತೀರ ಈಚಿನ ಸಂಗತಿ. ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ಡಾ. ಬಸವಣ್ಣೆಪ್ಪ ರಾಮಣ್ಣವರ ಎಂಬ ಆಯುರ್ವೇದ ವೈದ್ಯರಿದ್ದರು. ಅವರ ಮಗ ಡಾ. ಮಹಾಂತೇಶ ರಾಮಣ್ಣವರ ಬೆಳಗಾವಿಯ ಕೆ.ಎಲ್.ಇ. ಸಂಸ್ಥೆಯ ಆಯುರ್ವೇದ ಮಹಾವಿದ್ಯಾಲಯದಲ್ಲಿ ಶಾರೀರವನ್ನು ಕಲಿಸುವ ಅಧ್ಯಾಪಕರು. ತಾನು ಸತ್ತ ಮೇಲೆ ದೇಹವನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕೆ ಕೊಡಬೇಕು, ಅದನ್ನು ಮಗನೇ ಛೇದಿಸಬೇಕು ಎಂಬುದು ತಂದೆಯ ಇಚ್ಛೆ. ಚಿತೆಗೆ ಬೆಂಕಿಯಿಡುವುದು, ಗುಣಿಗೆ ಮಣ್ಣು ಹಾಕುವುದು ಮಗನ ಕರ್ತವ್ಯವೆಂದು ನಾವೆಲ್ಲ ಬಲ್ಲೆವು. ಈ ತಂದೆ ಮಗನಿಗೆ ಬೇರೊಂದು ಕರ್ತವ್ಯವನ್ನು ವಿಧಿಸಿದರು. ೨೦೦೮ರ ನವೆಂಬರ್ ೧೩ರಂದು ಅವರು ತೀರಿಕೊಂಡರು. ಕೆಡದಂತೆ ಔಷಧಿಯಿಂದ ಸಂಸ್ಕರಿಸಿ ದೇಹವನ್ನು ಕಾಪಾಡಲಾಯಿತು. ಎರಡು ವರ್ಷ ತುಂಬಿದ ದಿನ, ೨೦೧೦ರ ನವೆಂಬರ್ ೧೩ರಂದು, ವಿದ್ಯಾರ್ಥಿಗಳ ಸಮ್ಮುಖದಲ್ಲಿ ಮಗ ತಂದೆಯ ದೇಹವನ್ನು ತೆರೆದು ಪಾಠ ಹೇಳಿದರು.

ಹಾರ್ವೆಯೂ ಇದನ್ನೇ ಮಾಡಿದ್ದನಲ್ಲ ಎನ್ನಬಹುದು. ನಮಗೆ ಕಾಣುವ ಭೇದ ಇಷ್ಟು: ಇಲ್ಲಿ ಮೊದಲು ಮಾತನಾಡಿದವರು ಮೇಜಿನ ಮೇಲೆ ಮಲಗಿದವರು. ಆ ದಿನ ಮೇಜಿನ ಸುತ್ತ ನಿಂತ ವಿದ್ಯಾರ್ಥಿಗಳಿಗೆ ತಾವು ಓದುತ್ತಿರುವ ದೇಹ ಯಾರದೆಂಬುದು ಗೊತ್ತಿತ್ತು; ಅವರ ಹೆಸರು, ಊರು, ವೃತ್ತಿ, ಅವರ ಮಗ ಎಲ್ಲವೂ ಗೊತ್ತಿದ್ದವು. ಆ ವೈದ್ಯರ ಮನೆತನದ ಹೆಸರಿನ ಧರ್ಮಸಂಸ್ಥೆ ಬೈಲಹೊಂಗಲದಲ್ಲಿ ದೇಹದಾನದ ಪ್ರಚಾರವನ್ನು ಕೈಗೊಂಡಿತು.