ಮಾತ್ರೆ ಯಾವಾಗ ಶುರು?

ಎಚ್‌ಐವಿಗೆ ಮೊದಲ ಔಷಧಿ ಜಿಡೊವುಡಿನ್ 1987ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಯಾವಾಗ ಶುರುಮಾಡಬೇಕೆಂಬ ತಕರಾರು ಬಗೆಹರಿಯಲು ಇನ್ನೂ 28 ವರ್ಷ ಹಿಡಿಯಿತು. 1995ರಲ್ಲಿ ಏಡ್ಸ್ ಸಂಶೋಧಕ ಡೇವಿಡ್ ಹೋ ಆದಷ್ಟು ಬೇಗ ಆರಂಭಿಸಬೇಕೆಂದು ವಾದಿಸಿದರು. ಆದರೆ ಆಗಿನ ಕೆಲವು ಔಷಧಿಗಳಿಂದ ಕೆನ್ನೆ ಬತ್ತುತ್ತಿತ್ತು, ಪಾದ ಉರಿಯುತ್ತಿತ್ತು. ಹಾಗಾಗಿ ರಕ್ತದಲ್ಲಿ ಸಿಡಿ4 ಎಂಬ ರೋಗನಿರೋಧಕ ಕಣಗಳ ಎಣಿಕೆ ಕುಸಿಯುವವರೆಗೆ ಕಾಯುವುದೇ ವಾಡಿಕೆಯಾಯಿತು.

2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳಲ್ಲಿ ಸರ್ಕಾರಿ ಉಚಿತ ಚಿಕಿತ್ಸೆ ಆರಂಭವಾದಾಗ, ರೋಗಲಕ್ಷಣವಿಲ್ಲದವರಿಗೆ ಈ ಎಣಿಕೆಯ ಮಿತಿ 200; ಅದಕ್ಕಿಂತ ಕೆಳಗಿಳಿದರಷ್ಟೇ ಚಿಕಿತ್ಸೆ. ವರದಿಯಲ್ಲಿ 210 ಬಂದವರು ಬರಿಗೈಲಿ ಮರಳಿ, ಕೆಲ ತಿಂಗಳ ನಂತರ ಮತ್ತೆ ರಕ್ತ ಕೊಡಬೇಕಿತ್ತು. ಇನ್ನಷ್ಟು ಸೊರಗಿದರಷ್ಟೇ ಮಾತ್ರೆ ಎಂಬ ವಿಚಿತ್ರ ನಿಯಮ! ಮಿತಿ ಮುಂದೆ 350ಕ್ಕೆ ಏರಿತು. 2015ರ ಸ್ಟಾರ್ಟ್ ಅಧ್ಯಯನದಲ್ಲಿ, ಎಣಿಕೆ 500ಕ್ಕಿಂತ ಮೇಲಿದ್ದಾಗಲೇ ಆರಂಭಿಸಿದವರಲ್ಲಿ, ಕಾದವರಿಗೆ ಹೋಲಿಸಿದರೆ, ಗಂಭೀರ ಕಾಯಿಲೆ ಅಥವಾ ಸಾವಿನ ಸಂಭವ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. 2017ರಲ್ಲಿ ಭಾರತ ಮಿತಿಯನ್ನೇ ಕೈಬಿಟ್ಟು, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ತೆರೆಯಿತು.