ಸಿಎಂಇ ಖರ್ಚು ಯಾರ ಲೆಕ್ಕಕ್ಕೆ?

ಐದು ವರ್ಷಕ್ಕೆ 30 ಗಂಟೆ. ವೈದ್ಯರು ಕನಿಷ್ಠ ಇಷ್ಟು ಹೊತ್ತಾದರೂ ಕೂತು ಹೊಸದನ್ನು ಕಲಿಯಬೇಕು ಎಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಿಯಮಾವಳಿ ಹೇಳಿತು. ಕರ್ನಾಟಕ ವೈದ್ಯಕೀಯ ಪರಿಷತ್ತೂ ಸೇರಿದಂತೆ ಹಲವು ರಾಜ್ಯಗಳ ಪರಿಷತ್ತುಗಳು ನೋಂದಣಿ ನವೀಕರಣಕ್ಕೆ ಈ ಕ್ರೆಡಿಟ್ ಅವರ್‌ಗಳನ್ನು ಕೇಳುತ್ತವೆ. ಈ ನಿರಂತರ ವೈದ್ಯಕೀಯ ಶಿಕ್ಷಣಕ್ಕೆ, ವೈದ್ಯರು ಹೇಳುವ ಹಾಗೆ ಸಿಎಂಇಗೆ, ದುಡ್ಡು ಎಲ್ಲಿಂದ ಬರಬೇಕು ಎಂಬುದನ್ನು ಮಾತ್ರ ಯಾರೂ ನೆಟ್ಟಗೆ ಹೇಳಲಿಲ್ಲ.

ದೊಡ್ಡ ಹೋಟೆಲಿನಲ್ಲಿ ನಡೆಯುವ ಯಾವುದಾದರೂ ಸಮ್ಮೇಳನಕ್ಕೆ ಹೋದರೆ ಉತ್ತರ ಕಣ್ಣಿಗೇ ಬೀಳುತ್ತದೆ. ಕೊರಳಿನ ಬ್ಯಾಡ್ಜಿನ ಪಟ್ಟಿಯ ಮೇಲೆ ಒಂದು ಕಂಪನಿಯ ಹೆಸರು, ಕೈಗೆ ಕೊಡುವ ಬ್ಯಾಗಿನ ಮೇಲೆ ಇನ್ನೊಂದರದು. ಸ್ಟಾಲ್‌ಗಳನ್ನು ಹಾಕುವುದು ಉಪನ್ಯಾಸದ ಹಾಲ್‌ಗೂ ಊಟದ ಹಾಲ್‌ಗೂ ನಡುವೆ. ಹಸಿದವರು ಮೆಡಿಕಲ್ ರೆಪ್‌ಗಳನ್ನು ದಾಟಿಯೇ ತಟ್ಟೆ ಹಿಡಿಯಬೇಕು. ಡೆಲಿಗೇಟ್ ಫೀ ಎಷ್ಟೋ ಸಲ ಹಾಲ್ ಬಾಡಿಗೆಗೂ ಸಾಲದು. ಉಳಿದದ್ದನ್ನು ಸ್ಟಾಲ್ ತುಂಬಿಸಬೇಕು.

ಈ ಜಗಳ ಮೊದಲು ಜೋರಾದದ್ದು ಅಮೆರಿಕದಲ್ಲಿ. 1990ರಲ್ಲಿ ಸೆನೆಟರ್ ಎಡ್ವರ್ಡ್ ಕೆನಡಿ ಔಷಧ ಪ್ರಚಾರದ ಬಗ್ಗೆ ವಿಚಾರಣೆ ನಡೆಸಿದರು; ಅಮೆರಿಕನ್ ವೈದ್ಯಕೀಯ ಸಂಘ ಅದೇ ಸುಮಾರಿಗೆ ಉಡುಗೊರೆಗಳ ಮಾರ್ಗಸೂಚಿ ಹೊರಡಿಸಿತು. ಸಿಎಂಇ ನಡೆಸುವವರಿಗೆ ಮಾನ್ಯತೆ ಕೊಡುವ ಎಸಿಸಿಎಂಇ 1992ರಲ್ಲಿ ವಾಣಿಜ್ಯ ನೆರವಿಗೆ ಮಾನದಂಡಗಳನ್ನು ತಂದಿತು. ಕಂಪನಿ ಹಣ ಕೊಡಬಹುದು, ಪಾಠದ ವಿಷಯದಲ್ಲಿ ಕೈಹಾಕುವಂತಿಲ್ಲ ಎಂಬುದು ಅದರ ತಿರುಳು.

ಅದೇ ವರ್ಷ 'ಚೆಸ್ಟ್' ಪತ್ರಿಕೆಯಲ್ಲಿ ಓರ್ಲೋಸ್ಕಿ ಮತ್ತು ವಾಟೆಸ್ಕಾ ಪ್ರಕಟಿಸಿದ ಅಧ್ಯಯನವನ್ನು ಇವತ್ತಿಗೂ ಎಲ್ಲರೂ ಉದಾಹರಿಸುತ್ತಾರೆ. ಎರಡು ಔಷಧಗಳ ಕಂಪನಿಗಳು ಒಂದೇ ಆಸ್ಪತ್ರೆಯ ವೈದ್ಯರನ್ನು, ಒಂದೊಂದು ಔಷಧಕ್ಕೆ ಹತ್ತು ಜನರಂತೆ, ಪೂರ್ತಿ ಖರ್ಚು ಭರಿಸಿ ವಿಚಾರ ಸಂಕಿರಣಕ್ಕೆ ಕರೆದೊಯ್ದಿದ್ದವು. ಪ್ರವಾಸದಿಂದ ತಮ್ಮ ಚೀಟಿ ಬದಲಾಗದು ಎಂದೇ ಬಹುತೇಕರು ನಂಬಿದ್ದರು. ಆಸ್ಪತ್ರೆಯ ಔಷಧ ಲೆಕ್ಕ ಬೇರೆಯೇ ಹೇಳಿತು: ಒಂದು ಔಷಧದ ಬಳಕೆ ಮೂರು ಪಟ್ಟಿಗೂ ಹೆಚ್ಚಾಗಿತ್ತು, ಇನ್ನೊಂದರದು ಎರಡೂವರೆ ಪಟ್ಟು. ಅವರು ಸುಳ್ಳಾಡಿದರೆಂದು ನನಗನಿಸುವುದಿಲ್ಲ. ತಮಗೇ ಗೊತ್ತಾಗದಂತೆ ಬದಲಾಗಿದ್ದರು. 'ನನ್ನ ಮೇಲೆ ಪರಿಣಾಮವಾಗದು' ಎಂಬ ವೈದ್ಯರ ಭರವಸೆಯ ಮೇಲೆ ನಿಯಮ ಕಟ್ಟಲಾಗದು ಎಂಬುದಕ್ಕೆ ಇಷ್ಟು ಸಾಕು.

ದುಡ್ಡು ಮಾತ್ರ ನಿಲ್ಲಲಿಲ್ಲ, ದಾರಿ ಬದಲಿಸಿತು. ನ್ಯೂರಾಂಟಿನ್ ಎಂಬ ಅಪಸ್ಮಾರದ ಔಷಧವನ್ನು ಅನುಮತಿಯಿಲ್ಲದ ಕಾಯಿಲೆಗಳಿಗೂ ಮಾರಲು ಕಂಪನಿ ಹಿಡಿದ ದಾರಿಗಳಲ್ಲಿ 'ಸ್ವತಂತ್ರ' ಶಿಕ್ಷಣ ಕಾರ್ಯಕ್ರಮಗಳೂ ಇದ್ದವು. ಒಳಗಿನ ಉದ್ಯೋಗಿ ಡೇವಿಡ್ ಫ್ರಾಂಕ್ಲಿನ್ ಬಾಯಿಬಿಟ್ಟರು. 2004ರಲ್ಲಿ ವಾರ್ನರ್-ಲ್ಯಾಂಬರ್ಟ್ ತಪ್ಪೊಪ್ಪಿಕೊಂಡು 43 ಕೋಟಿ ಡಾಲರ್ ತೆತ್ತಿತು. ಎಸಿಸಿಎಂಇ ಅದೇ ವರ್ಷ ಮಾನದಂಡಗಳನ್ನು ಬಿಗಿಗೊಳಿಸಿತು. ಕೊನೆಗೆ 2010ರ ಕಾನೂನಿನಡಿ, ಯಾವ ವೈದ್ಯರಿಗೆ ಯಾವ ಕಂಪನಿ ಎಷ್ಟು ಕೊಟ್ಟಿತೆಂದು ಯಾರು ಬೇಕಾದರೂ ಹುಡುಕಬಹುದಾದ ಓಪನ್ ಪೇಮೆಂಟ್ಸ್ ಜಾಲತಾಣ 2014ರಲ್ಲಿ ತೆರೆದುಕೊಂಡಿತು. ಯುರೋಪಿನ ವೈದ್ಯಕೀಯ ಉಪಕರಣ ತಯಾರಕರ ಒಕ್ಕೂಟ 2018ರಿಂದ, ಬೇರೆಯವರು ನಡೆಸುವ ಸಮ್ಮೇಳನಗಳಿಗೆ ವೈದ್ಯರನ್ನು ನೇರವಾಗಿ ಪ್ರಾಯೋಜಿಸುವುದನ್ನೇ ಬಿಟ್ಟಿತು.

ನಮ್ಮಲ್ಲಿ 2002ರ ನಿಯಮಾವಳಿಗೆ 2009ರ ಡಿಸೆಂಬರ್‌ನಲ್ಲಿ ತಂದ ತಿದ್ದುಪಡಿ ಕಾಗದದ ಮೇಲೆ ಕಠಿಣವಾಗಿಯೇ ಇತ್ತು. ಉಡುಗೊರೆ, ನಗದು, ಆತಿಥ್ಯ ಬೇಡ. ಡೆಲಿಗೇಟ್ ಆಗಿ ಸಿಎಂಇಗೆ ಹೋಗಲು ರೈಲು, ವಿಮಾನ, ಹಡಗಿನ ಟಿಕೆಟ್ ಕೂಡ ಬೇಡ. ವೈದ್ಯರ ಸಂಘಗಳಿಗೂ ಇದು ಅನ್ವಯಿಸುತ್ತಿತ್ತು. 2016ರಲ್ಲಿ ಮಂಡಳಿ, ತಪ್ಪಿದವರಿಗೆ ಉಡುಗೊರೆಯ ಬೆಲೆಗೆ ತಕ್ಕಂತೆ ಶಿಕ್ಷೆ ಗೊತ್ತುಮಾಡಿತು, ಜೊತೆಗೆ ಸಂಘಗಳನ್ನು ನಿಯಮದಿಂದ ಕೈಬಿಟ್ಟಿತು. ಸಂಘಗಳ ಮೇಲೆ ಮಂಡಳಿಗೆ ಅಧಿಕಾರವಿಲ್ಲ ಎಂಬುದು ವಾದ. ತಾಂತ್ರಿಕವಾಗಿ ಸರಿಯಿರಬಹುದು. ಆದರೆ ವೈದ್ಯರಿಗೆ ಕೊಡಬಾರದ ದುಡ್ಡನ್ನು ಅವರದೇ ಸಂಘಕ್ಕೆ ಕೊಡುವ ಬಾಗಿಲನ್ನು ಅದು ಹಾಕಲಿಲ್ಲ.

ಮಂಡಳಿಯಿಂದ ಆಗದ್ದು ತೆರಿಗೆಯವರಿಂದ ಆಯಿತು. ನಿಯಮ ಮೀರಿ ವೈದ್ಯರಿಗೆ ಮಾಡಿದ ಖರ್ಚನ್ನು ವ್ಯಾಪಾರದ ವೆಚ್ಚವೆಂದು ಕಳೆಯುವಂತಿಲ್ಲ ಎಂದು ನೇರ ತೆರಿಗೆ ಮಂಡಳಿ 2012ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಿತು. ನಿಯಮ ಇರುವುದು ವೈದ್ಯರಿಗೆ, ನಮಗಲ್ಲ ಎಂದು ಕಂಪನಿಗಳು ವಾದಿಸಿದವು. ಅಪೆಕ್ಸ್ ಲ್ಯಾಬೊರೇಟರೀಸ್ ಪ್ರಕರಣದಲ್ಲಿ 2022ರ ಫೆಬ್ರುವರಿ 22ರಂದು ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. ಜಿಂಕೊವಿಟ್ ಎಂಬ ವಿಟಮಿನ್ ಮಾತ್ರೆಯ ಪ್ರಚಾರಕ್ಕೆ ವೈದ್ಯರಿಗೆ ಕೊಟ್ಟ ಸುಮಾರು 4.72 ಕೋಟಿ ರೂಪಾಯಿಯ ಕೊಡುಗೆಗಳ ಮೇಲೆ ಆ ವ್ಯಾಜ್ಯ. ಪಡೆಯುವುದು ನಿಷಿದ್ಧವಾದರೆ ಕೊಡುವುದೂ ಸಲ್ಲದು, ಕೊನೆಗೆ ಅದರ ಭಾರ ಔಷಧದ ಬೆಲೆಯಾಗಿ ರೋಗಿಯ ಮೇಲೇ ಬೀಳುತ್ತದೆ ಎಂದಿತು ಪೀಠ.

2023ರ ಆಗಸ್ಟ್‌ನಲ್ಲಿ, ವೈದ್ಯಕೀಯ ಮಂಡಳಿಯ ಜಾಗಕ್ಕೆ ಬಂದಿದ್ದ ರಾಷ್ಟ್ರೀಯ ವೈದ್ಯಕೀಯ ಆಯೋಗ ಬೇರಿಗೇ ಕೈಹಾಕಿತು: ಔಷಧ ಕಂಪನಿಗಳ ನೇರ ಅಥವಾ ಪರೋಕ್ಷ ಪ್ರಾಯೋಜನೆಯಿರುವ ಶಿಕ್ಷಣ ಕಾರ್ಯಕ್ರಮದಲ್ಲಿ ವೈದ್ಯರು ಭಾಗವಹಿಸುವಂತಿಲ್ಲ. ಅದೇ ನಿಯಮಾವಳಿಯಲ್ಲಿ ಜನರಿಕ್ ಹೆಸರಲ್ಲೇ ಚೀಟಿ ಬರೆಯಬೇಕೆಂಬ ಷರತ್ತೂ ಇತ್ತು. ಗದ್ದಲವೆದ್ದು, ಮೂರು ವಾರದಲ್ಲೇ ಇಡೀ ನಿಯಮಾವಳಿ ಅಮಾನತಾಯಿತು.

2024ರ ಮಾರ್ಚ್‌ನಲ್ಲಿ ಔಷಧ ಇಲಾಖೆ ತಂದ ಮಾರುಕಟ್ಟೆ ಸಂಹಿತೆ ಮಧ್ಯದ ದಾರಿ ಹಿಡಿದಿದೆ. ಸಂಘಗಳ, ಕಾಲೇಜುಗಳ ಮೂಲಕ ಸಿಎಂಇಗೆ ಹಣ ಕೊಡಬಹುದು, ವಿದೇಶದಲ್ಲಿ ನಡೆಸುವಂತಿಲ್ಲ, ಖರ್ಚಿನ ವಿವರವನ್ನು ಕಂಪನಿ ತನ್ನ ಜಾಲತಾಣದಲ್ಲಿ ಹಾಕಬೇಕು. ಭಾಷಣಕಾರರ ಪ್ರಯಾಣ, ವಾಸ್ತವ್ಯಕ್ಕೆ ವಿನಾಯಿತಿಯಿದೆ. ಭಾಷಣಕಾರರ ಪಟ್ಟಿ ಉದ್ದವಾಗದಂತೆ ಯಾರು ನೋಡಿಕೊಳ್ಳುತ್ತಾರೋ! ದೂರುಗಳನ್ನು ಮೊದಲು ವಿಚಾರಿಸುವುದೂ ಕಂಪನಿಗಳದೇ ಸಂಘದ ಸಮಿತಿ.

ಯಾರ ಹೆಸರಿಗೆ ಎಷ್ಟು ಸಂದಿತೆಂದು ಸಾರ್ವಜನಿಕರು ನೋಡಬಹುದಾದ ಸರ್ಕಾರಿ ದಾಖಲೆ ನಮ್ಮಲ್ಲಿಲ್ಲ. ಆದರೆ 2022ರ ಜುಲೈನಿಂದ, ವರ್ಷಕ್ಕೆ 20,000 ರೂಪಾಯಿ ಮೀರಿದ ಸವಲತ್ತು ಕೊಡುವ ಕಂಪನಿ ಶೇ 10ರಷ್ಟು ಟಿಡಿಎಸ್ ಕಟ್ಟಬೇಕು. ನಿಯಮ ಪಾಲಿಸುವ ಕಂಪನಿಗಳ ಮಟ್ಟಿಗಾದರೂ ಅಂಥ ಲೆಕ್ಕ ಪ್ಯಾನ್ ಸಂಖ್ಯೆ ಸಮೇತ ಆದಾಯ ತೆರಿಗೆ ಇಲಾಖೆಗೆ ಹೋಗುತ್ತಿದೆ. ಅದನ್ನು ನೋಡುವ ಹಕ್ಕು ರೋಗಿಗಿಲ್ಲ.